4294967297: ಐದನೆಯ ಫರ್ಮಾ ಸಂಖ್ಯೆಯ ಒಳಗಿನ ಲೆಕ್ಕ

4294967297 ಎಂಬ ಹತ್ತು ಅಂಕಿಗಳ ಸಂಖ್ಯೆಯನ್ನು ಬಾಯಿಬಿಟ್ಟು ಓದಿದರೆ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು ಎಂದಾಗುತ್ತದೆ. ಹೀಗೆ ಓದಿದಾಗ ಅದರಲ್ಲಿ ಯಾವ ವಿಶೇಷವೂ ಕಾಣುವುದಿಲ್ಲ. ಅದನ್ನೇ 2³² + 1 ಎಂದು ಬರೆದ ಕೂಡಲೇ ಅದರ ಕಟ್ಟು ಬಯಲಿಗೆ ಬರುತ್ತದೆ. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಎರಡು ತುದಿಗಳಲ್ಲಿ ಒಂದೊಂದು 1 ಇರುತ್ತದೆ, ನಡುವೆ ಮೂವತ್ತೊಂದು ಸೊನ್ನೆಗಳಿರುತ್ತವೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ ಸಂಖ್ಯೆ. ಈ ಸಂಖ್ಯೆಯ ಬಗ್ಗೆ ಬಹುಕಾಲದಿಂದ ನನಗಿರುವ ಒಲವಿಗೆ ಕಾರಣವೂ ಈ ರೂಪವೇ. ಅದು ಅವಿಭಾಜ್ಯವೋ ಅಲ್ಲವೋ, ಅಲ್ಲವಾದರೆ ಯಾವ ಸಂಖ್ಯೆಗಳಿಂದ ಭಾಗವಾಗಬಲ್ಲದು, ಎಷ್ಟು ಬಗೆಯಲ್ಲಿ ಎರಡು ವರ್ಗಗಳ ಮೊತ್ತವಾಗಬಲ್ಲದು ಎಂಬ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಹೊರಗಿನಿಂದ ತರಬೇಕಾಗಿಲ್ಲ. ಎಲ್ಲವೂ ಎರಡರ ಘಾತಕ್ಕೆ ಒಂದನ್ನು ಕೂಡಿಸಿದ ಈ ರೂಪದಿಂದಲೇ ಹೊರಡುತ್ತವೆ.

ಇದು ಐದನೆಯ ಫರ್ಮಾ ಸಂಖ್ಯೆ. ಎರಡರ ಘಾತಕ್ಕೆ ಒಂದನ್ನು ಕೂಡಿಸಿ ಅವಿಭಾಜ್ಯ ಸಂಖ್ಯೆಯನ್ನು ಪಡೆಯಬೇಕೆಂದರೆ ಆ ಘಾತಾಂಕಕ್ಕೆ 1ನ್ನು ಬಿಟ್ಟು ಬೇರೆ ಬೆಸ ಅಪವರ್ತನ ಇರಕೂಡದು. ಉದಾಹರಣೆಗೆ ಘಾತಾಂಕ 12 ಆಗಿದ್ದರೆ 2¹² + 1 ಎಂಬುದು 16ರ ಘನಕ್ಕೆ ಒಂದನ್ನು ಕೂಡಿಸಿದಂತೆ. ಎರಡು ಘನಗಳ ಮೊತ್ತ ಯಾವಾಗಲೂ ಅವುಗಳ ಮೂಲಗಳ ಮೊತ್ತದಿಂದ ಭಾಗವಾಗುವುದರಿಂದ 4097 ಎಂಬ ಆ ಸಂಖ್ಯೆ 17ರಿಂದ ಭಾಗವಾಗಿ 241 ಬರುತ್ತದೆ. ಹೀಗಾಗಿ ಘಾತಾಂಕವೂ ಎರಡರ ಘಾತವೇ ಆಗಿರಬೇಕು. ಘಾತಾಂಕಗಳನ್ನು 1, 2, 4, 8, 16 ಎಂದು ತೆಗೆದುಕೊಂಡರೆ ಕ್ರಮವಾಗಿ 3, 5, 17, 257, 65537 ಬರುತ್ತವೆ. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಇವು ಸೊನ್ನೆಯಿಂದ ನಾಲ್ಕನೆಯವರೆಗಿನ ಫರ್ಮಾ ಸಂಖ್ಯೆಗಳು, ಮತ್ತು ಐದೂ ಅವಿಭಾಜ್ಯ. ಫ್ರಾನ್ಸಿನ ತುಲೂಸ್ ನಗರದಲ್ಲಿ ನ್ಯಾಯಾಧಿಕಾರಿಯಾಗಿದ್ದ ಪಿಯೆರ್ ದ ಫರ್ಮಾ ಅವರು 1640ರಲ್ಲಿ ಫ್ರೆನಿಕ್ಲ್ ಎಂಬ ಫ್ರೆಂಚ್ ಗಣಿತಜ್ಞರಿಗೆ ಬರೆದ ಪತ್ರದಲ್ಲಿ ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯವೇ ಇರಬೇಕೆಂಬ ನಂಬಿಕೆಯನ್ನು ವ್ಯಕ್ತಪಡಿಸಿದರು. ತಮ್ಮಲ್ಲಿ ಅದಕ್ಕೆ ಸಾಧನೆ, ಅಂದರೆ ತರ್ಕಬದ್ಧ ಪುರಾವೆ, ಇಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಸಾಲಿನ ಮುಂದಿನ ಸಂಖ್ಯೆಯೇ 4294967297, ಮತ್ತು ಆ ನಂಬಿಕೆ ಮುರಿದುಬಿದ್ದದ್ದು ಅಲ್ಲಿಯೇ.

ಮುರಿಯುವುದಕ್ಕೆ ತೊಂಬತ್ತು ವರ್ಷಗಳು ಬೇಕಾದವು ಎಂಬುದು ಯೋಚಿಸತಕ್ಕ ಸಂಗತಿ. ಈ ಸಂಖ್ಯೆಯ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಆದ್ದರಿಂದ ಯಾವ ಜಾಣ್ಮೆಯನ್ನೂ ಬಳಸದೆ ಒಂದೊಂದಾಗಿ ಭಾಗಿಸಿ ನೋಡುವವನು 65536ರ ಒಳಗಿರುವ 6542 ಅವಿಭಾಜ್ಯ ಸಂಖ್ಯೆಗಳನ್ನು ಪರೀಕ್ಷಿಸಲು ಸಿದ್ಧನಿರಬೇಕು. ವಾಸ್ತವದಲ್ಲಿ ಅಷ್ಟು ದೂರ ಹೋಗುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ 116ನೆಯ ಅವಿಭಾಜ್ಯವಾದ 641 ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ. ಭಾಗಲಬ್ಧ 6700417. ಗಣಿತಜ್ಞ ಗೋಲ್ಡ್‌ಬಾಖ್ ಅವರು 1729ರ ಡಿಸೆಂಬರಿನಲ್ಲಿ ಬರೆದ ಪತ್ರದಿಂದ ಫರ್ಮಾ ಅವರ ಊಹೆಯ ಕಡೆಗೆ ಗಮನ ಹರಿಸಿದ ಲಿಯೊನಾರ್ಡ್ ಆಯ್ಲರ್ 1732ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಈ ವಿಭಜನೆಯನ್ನು ಮುಂದಿಟ್ಟರು. ಹಾಗೆ ಮುಂದಿಡುವಾಗ ಅವರು ಫಲಿತಾಂಶವನ್ನು ಮಾತ್ರ ಹೇಳಿದರು. ಅದರ ಹಿಂದಿನ ತರ್ಕವನ್ನು ವಿವರಿಸಿದ್ದು ಹಲವು ವರ್ಷಗಳ ನಂತರದ ಲೇಖನದಲ್ಲಿ, ಮತ್ತು ನನ್ನ ದೃಷ್ಟಿಯಲ್ಲಿ ವಿಭಜನೆಗಿಂತ ಆ ತರ್ಕವೇ ದೊಡ್ಡದು.

ತರ್ಕ ಹೀಗಿದೆ. ಯಾವುದೋ ಒಂದು ಅವಿಭಾಜ್ಯ ಸಂಖ್ಯೆ 2³² + 1ನ್ನು ಭಾಗಿಸುತ್ತದೆ ಎಂದುಕೊಳ್ಳೋಣ. ಆಗ 2³²ನ್ನು ಆ ಅವಿಭಾಜ್ಯದಿಂದ ಭಾಗಿಸಿದಾಗ ಉಳಿಯುವ ಶೇಷ ಭಾಜಕಕ್ಕಿಂತ ಒಂದು ಕಡಿಮೆ, ಅಂದರೆ ಲೆಕ್ಕದ ಅನುಕೂಲಕ್ಕೆ ಅದನ್ನು −1 ಎಂದು ಹಿಡಿಯಬಹುದು. ಅದನ್ನು ವರ್ಗ ಮಾಡಿದರೆ 2⁶⁴ರ ಶೇಷ 1 ಆಗುತ್ತದೆ. ಎರಡರ ಘಾತಗಳನ್ನು 2, 4, 8, 16 ಎಂದು ಒಂದರ ನಂತರ ಒಂದು ಬರೆದು ಅವುಗಳ ಶೇಷಗಳನ್ನು ಗಮನಿಸುತ್ತ ಹೋದರೆ, ಶೇಷ 1 ಬಂದ ಮೇಲೆ ಅದೇ ಸಾಲು ಮತ್ತೆ ಮೊದಲಿನಿಂದ ಮರುಕಳಿಸುತ್ತದೆ. ಆ ಆವರ್ತದ ಉದ್ದ 64ನ್ನು ಭಾಗಿಸಬೇಕು. ಆದರೆ 32ನೆಯ ಹಂತದಲ್ಲಿ ಶೇಷ −1 ಇರುವುದರಿಂದ ಅದು 32 ಆಗಲಿ 32ನ್ನು ಭಾಗಿಸುವ ಸಂಖ್ಯೆಯಾಗಲಿ ಆಗಿರಲು ಸಾಧ್ಯವಿಲ್ಲ. ಹಾಗಾಗಿ ಆವರ್ತದ ಉದ್ದ ಸರಿಯಾಗಿ 64. ಇನ್ನು ಫರ್ಮಾ ಅವರದೇ ಕಿರುಪ್ರಮೇಯದ ಪ್ರಕಾರ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಹಂತದಲ್ಲೂ ಶೇಷ 1 ಬರುತ್ತದೆ, ಹಾಗಾಗಿ ಈ ಉದ್ದ ಆ ಒಂದು ಕಡಿಮೆಯಾದ ಸಂಖ್ಯೆಯನ್ನು ಭಾಗಿಸಲೇಬೇಕು. ಆದ್ದರಿಂದ 4294967297ರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 64ರ ಅಪವರ್ತ್ಯಕ್ಕಿಂತ 1 ಹೆಚ್ಚಾಗಿರುತ್ತದೆ.

ಈಗ ಹುಡುಕಾಟ ಎಷ್ಟು ಕಿರಿದಾಯಿತು ನೋಡಿ. 65, 129, 193, 257, 321, 385, 449, 513, 577, 641 ಎಂಬ ಸಾಲಿನಲ್ಲಿ 65, 129, 321, 385, 513 ಅವಿಭಾಜ್ಯಗಳಲ್ಲ. ಉಳಿಯುವುದು 193, 257, 449, 577, 641 ಎಂಬ ಐದೇ ಸಂಖ್ಯೆಗಳು. ಮೊದಲ ನಾಲ್ಕರಿಂದ ಭಾಗಿಸಿದರೆ ಕ್ರಮವಾಗಿ 109, 2, 325, 288 ಶೇಷ ಉಳಿಯುತ್ತದೆ. ಐದನೆಯದಕ್ಕೆ ಬಂದಾಗ ಹತ್ತು ಅಂಕಿಗಳ ಭಾಗಾಕಾರವನ್ನೂ ಮಾಡಬೇಕಾಗಿಲ್ಲ. 2¹⁶ ಎಂದರೆ 65536. ಅದರಿಂದ 641ರ 102 ಪಟ್ಟನ್ನು, ಅಂದರೆ 65382ನ್ನು ಕಳೆದರೆ 154 ಉಳಿಯುತ್ತದೆ. 154ರ ವರ್ಗ 23716. 641ನ್ನು 37ರಿಂದ ಗುಣಿಸಿದರೆ 23717. ಹಾಗಾಗಿ 2³²ರ ಶೇಷ −1, ಅದಕ್ಕೆ 1 ಕೂಡಿಸಿದರೆ ಸೊನ್ನೆ. ಒಂದು ಹಾಳೆಯ ಅಂಚಿನಲ್ಲಿ ಮುಗಿಯುವ ಈ ಲೆಕ್ಕವನ್ನು ಓದುಗರು ತಾವೇ ಮಾಡಿ ನೋಡಬೇಕೆಂಬುದು ನನ್ನ ಕೋರಿಕೆ. 23716 ಮತ್ತು 23717 ಪಕ್ಕಪಕ್ಕದಲ್ಲಿ ಬಂದು ನಿಲ್ಲುವುದನ್ನು ಸ್ವಂತ ಕೈಬರಹದಲ್ಲಿ ಕಂಡಾಗ ಆಗುವ ಸಂತೋಷವನ್ನು ಬೇರೆಯವರು ಹೇಳಿ ತಿಳಿಸಲಾಗದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆಯ್ಲರ್ ಬಳಸಿದ ಮುಖ್ಯ ಸಾಧನ ಫರ್ಮಾ ಅವರ ಕಿರುಪ್ರಮೇಯ. ಅದನ್ನು ಫರ್ಮಾ ಅದೇ 1640ರಲ್ಲಿ, ಅದೇ ಫ್ರೆನಿಕ್ಲ್ ಅವರಿಗೆ ಬರೆದ ಇನ್ನೊಂದು ಪತ್ರದಲ್ಲಿ ತಿಳಿಸಿದ್ದರು. ಎರಡರ ಘಾತದಿಂದ ಒಂದನ್ನು ಕಳೆದ ಸಂಖ್ಯೆಗಳ ಅಪವರ್ತನಗಳನ್ನು ಇಂಥದೇ ರೀತಿಯಲ್ಲಿ ಹುಡುಕುವುದೂ ಅವರಿಗೆ ಗೊತ್ತಿತ್ತು. ಐದೇ ಭಾಗಾಕಾರಗಳ ದೂರದಲ್ಲಿದ್ದ 641 ಅವರ ಕೈಗೆ ಹೇಗೆ ಸಿಗದೆ ಹೋಯಿತು ಎಂಬುದಕ್ಕೆ ವಿದ್ವಾಂಸರು ನಾನಾ ಊಹೆಗಳನ್ನು ಮುಂದಿಟ್ಟಿದ್ದಾರೆ. ಎಲ್ಲೋ ಒಂದು ಕಡೆ ಲೆಕ್ಕ ತಪ್ಪಿ, ಆ ತಪ್ಪನ್ನು ಮತ್ತೆ ಪರಿಶೀಲಿಸದೆ ಬಿಟ್ಟಿರಬೇಕು ಎಂಬ ಸರಳ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಒಂದು ನಂಬಿಕೆ ಚೆಲುವಾಗಿದ್ದಷ್ಟೂ ಅದನ್ನು ಮುರಿಯಬಲ್ಲ ಲೆಕ್ಕವನ್ನು ಎರಡನೆಯ ಸಲ ಮಾಡುವ ಮನಸ್ಸು ಕಡಿಮೆಯಾಗುತ್ತದೆ.

ಆಯ್ಲರ್ ನಿಲ್ಲಿಸಿದ ಕಡೆಯಿಂದ 1878ರಲ್ಲಿ ಎಡ್ವರ್ಡ್ ಲ್ಯೂಕಾ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಪವರ್ತನಗಳು 64ರ ಅಪವರ್ತ್ಯಕ್ಕಿಂತ ಮಾತ್ರವಲ್ಲ, 128ರ ಅಪವರ್ತ್ಯಕ್ಕಿಂತ 1 ಹೆಚ್ಚಾಗಿರಬೇಕು ಎಂದು ಅವರು ತೋರಿಸಿದರು. ಇದರ ಹಿಂದಿನ ಕಾರಣವನ್ನು ನಮ್ಮ ಸಂಖ್ಯೆಯಲ್ಲೇ ಕಣ್ಣಾರೆ ಕಾಣಬಹುದು. 256ನ್ನು 65535ರಿಂದ ಗುಣಿಸಿದರೆ 16776960 ಬರುತ್ತದೆ. ಇದರ ವರ್ಗವನ್ನು 4294967297ರಿಂದ ಭಾಗಿಸಿದರೆ ಉಳಿಯುವ ಶೇಷ 2. ಪರೀಕ್ಷಿಸುವುದು ಸುಲಭ: 65535ರ ವರ್ಗ 2³² − 2¹⁷ + 1, ಅಂದರೆ ನಮ್ಮ ಸಂಖ್ಯೆಗಿಂತ 2¹⁷ ಕಡಿಮೆ, ಅದನ್ನು 256ರ ವರ್ಗವಾದ 2¹⁶ರಿಂದ ಗುಣಿಸಿದಾಗ ಶೇಷ −2³³ ಆಗುತ್ತದೆ, 2³²ರ ಶೇಷ −1 ಆಗಿರುವುದರಿಂದ −2³³ರ ಶೇಷ 2. ಹೀಗೆ ಈ ಶೇಷಗಳ ಲೋಕದಲ್ಲಿ ಎರಡಕ್ಕೆ ಒಂದು ವರ್ಗಮೂಲ ದೊರೆಯುತ್ತದೆ, ಮತ್ತು ಎರಡರ ಘಾತಗಳ ಆವರ್ತ 64 ಆಗಿದ್ದರೆ ಅದರ ವರ್ಗಮೂಲದ ಘಾತಗಳ ಆವರ್ತ 128 ಆಗಲೇಬೇಕು. ಉಳಿದ ವಾದ ಮೊದಲಿನದೇ. ಈ ನಿಯಮದ ಪ್ರಕಾರ ಪರೀಕ್ಷಿಸಬೇಕಾದ ಸಾಲು 129, 257, 385, 513, 641 ಎಂದಾಗುತ್ತದೆ. ಅದರಲ್ಲಿ ಅವಿಭಾಜ್ಯಗಳು 257 ಮತ್ತು 641 ಎರಡೇ.

257ನ್ನೂ ಭಾಗಿಸದೆಯೇ ಬದಿಗಿಡಬಹುದು. ಅದು ಸ್ವತಃ ಮೂರನೆಯ ಫರ್ಮಾ ಸಂಖ್ಯೆ, ಮತ್ತು ಯಾವ ಎರಡು ಫರ್ಮಾ ಸಂಖ್ಯೆಗಳಿಗೂ 1ನ್ನು ಬಿಟ್ಟು ಸಾಮಾನ್ಯ ಅಪವರ್ತನ ಇರುವುದಿಲ್ಲ. 3ಕ್ಕೆ 2 ಕೂಡಿಸಿದರೆ 5. 3 ಮತ್ತು 5ರ ಗುಣಲಬ್ಧಕ್ಕೆ 2 ಕೂಡಿಸಿದರೆ 17. ಆ ಮೂರರ ಗುಣಲಬ್ಧವಾದ 255ಕ್ಕೆ 2 ಕೂಡಿಸಿದರೆ 257. ಇದೇ ರೀತಿ ಮುಂದುವರಿದು 3, 5, 17, 257, 65537 ಐದನ್ನೂ ಗುಣಿಸಿದರೆ 4294967295, ಅದಕ್ಕೆ 2 ಕೂಡಿಸಿದರೆ ನಮ್ಮ ಸಂಖ್ಯೆ. ಹಾಗಾಗಿ ಹಿಂದಿನ ಯಾವ ಫರ್ಮಾ ಸಂಖ್ಯೆಯಿಂದ ಭಾಗಿಸಿದರೂ ಶೇಷ 2 ಉಳಿಯುತ್ತದೆ. ಸಾಲಿನ ಪ್ರತಿಯೊಂದು ಸಂಖ್ಯೆಯೂ ಹಿಂದಿನವುಗಳಲ್ಲಿ ಇಲ್ಲದ ಹೊಸ ಅವಿಭಾಜ್ಯ ಅಪವರ್ತನವನ್ನು ತರಬೇಕಾಗುವುದರಿಂದ, ಅವಿಭಾಜ್ಯ ಸಂಖ್ಯೆಗಳು ಅನಂತ ಎಂಬುದಕ್ಕೂ ಇದು ಒಂದು ಸಾಧನೆಯಾಗುತ್ತದೆ.

ಈ ಎರಡು ನಿಯಮಗಳನ್ನು ಸೇರಿಸಿ ಬಳಸಿದರೆ ಇನ್ನೊಂದು ಕೆಲಸ ಅತ್ಯಂತ ಅಚ್ಚುಕಟ್ಟಾಗಿ ಮುಗಿಯುತ್ತದೆ. 641ರಿಂದ ಭಾಗಿಸಿದ ಮೇಲೆ ಉಳಿದ 6700417 ಅವಿಭಾಜ್ಯವೇ? ಅದರ ವರ್ಗಮೂಲ 2588 ಮತ್ತು 2589ರ ನಡುವೆ ಇದೆ. ಅದಕ್ಕೆ ಅಪವರ್ತನವೇನಾದರೂ ಇದ್ದರೆ ಅದು 128ರ ಅಪವರ್ತ್ಯಕ್ಕಿಂತ 1 ಹೆಚ್ಚಾಗಿರಬೇಕು ಮತ್ತು 2588ನ್ನು ಮೀರಬಾರದು. ಅಂಥ ಇಪ್ಪತ್ತು ಸಂಖ್ಯೆಗಳಲ್ಲಿ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. 257ನ್ನು ಈಗಾಗಲೇ ಬದಿಗಿಟ್ಟಿದ್ದೇವೆ. ಉಳಿದ ನಾಲ್ಕರಿಂದ 6700417ನ್ನು ಭಾಗಿಸಿದರೆ ಕ್ರಮವಾಗಿ 44, 120, 334, 622 ಶೇಷಗಳು ಉಳಿಯುತ್ತವೆ. ಅರವತ್ತೇಳು ಲಕ್ಷವನ್ನು ಮೀರಿದ ಸಂಖ್ಯೆಯೊಂದು ಅವಿಭಾಜ್ಯವೆಂದು ನಾಲ್ಕೇ ಭಾಗಾಕಾರಗಳಿಂದ ನಿಶ್ಚಯವಾಯಿತು. ಆದ್ದರಿಂದ 4294967297ಕ್ಕೆ 1, 641, 6700417 ಮತ್ತು ತಾನೇ ಎಂಬ ನಾಲ್ಕು ಭಾಜಕಗಳು ಮಾತ್ರ ಇವೆ. ಅವುಗಳ ಮೊತ್ತ 4301668356.

641 ಭಾಗಿಸುತ್ತದೆ ಎಂಬುದಕ್ಕೆ ಪಠ್ಯಗಳಲ್ಲಿ ಹೆಚ್ಚಾಗಿ ಕಾಣಸಿಗುವ ಸಾಧನೆ ಬೇರೆಯದು. 641 ಎಂಬುದು 5⁴ ಮತ್ತು 2⁴ರ ಮೊತ್ತ, ಅಂದರೆ 625 ಮತ್ತು 16. ಜೊತೆಗೆ ಅದು 5ನ್ನು 2⁷ರಿಂದ ಗುಣಿಸಿ 1 ಕೂಡಿಸಿದರೂ ಬರುತ್ತದೆ. ಎರಡನೆಯ ರೂಪದಿಂದ 5 × 2⁷ರ ಶೇಷ −1, ಆದ್ದರಿಂದ ಅದರ ನಾಲ್ಕನೆಯ ಘಾತವಾದ 5⁴ × 2²⁸ರ ಶೇಷ 1. ಮೊದಲ ರೂಪದಿಂದ 5⁴ರ ಬದಲಿಗೆ −2⁴ನ್ನು ಇಡಬಹುದು. ಇಟ್ಟರೆ −2³²ರ ಶೇಷ 1, ಅಂದರೆ 2³² + 1ರ ಶೇಷ ಸೊನ್ನೆ. ಚಿಕ್ಕದಾಗಿಯೂ ಚೊಕ್ಕವಾಗಿಯೂ ಇರುವ ಸಾಧನೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಕಲಿಯುವವರಿಗೆ ಇದನ್ನೇ ಮೊದಲು ತೋರಿಸುವುದನ್ನು ನಾನು ಒಪ್ಪುವುದಿಲ್ಲ. 641 ಎಂಬ ಉತ್ತರ ಮೊದಲೇ ಗೊತ್ತಿದ್ದವರಿಗೆ ಮಾತ್ರ ಈ ಸಾಧನೆ ಹೊಳೆಯಬಲ್ಲದು. 641ನ್ನೇ ಏಕೆ ಪರೀಕ್ಷಿಸಬೇಕು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಆಯ್ಲರ್ ಅವರ ದಾರಿ ಉದ್ದವಾದರೂ ಆ ಪ್ರಶ್ನೆಗೆ ಉತ್ತರಿಸುತ್ತದೆ.

ಇನ್ನು ಈ ಸಂಖ್ಯೆಯ ಗುಣಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ವರ್ಗಗಳ ಕಥೆ. 2³² ಎಂಬುದು 65536ರ ವರ್ಗವಾದ್ದರಿಂದ ನಮ್ಮ ಸಂಖ್ಯೆ 65536² + 1² ಎಂಬ ರೂಪದಲ್ಲಿ ಎರಡು ವರ್ಗಗಳ ಮೊತ್ತವಾಗಿ ಹುಟ್ಟುವಾಗಲೇ ಬರುತ್ತದೆ. ಬೆಸ ಅವಿಭಾಜ್ಯ ಸಂಖ್ಯೆಯೊಂದು ಎರಡು ವರ್ಗಗಳ ಮೊತ್ತವಾಗುವುದಾದರೆ ಅದು ಒಂದೇ ಒಂದು ಬಗೆಯಲ್ಲಿ ಆಗುತ್ತದೆ ಎಂಬುದು ಆಯ್ಲರ್ ಅವರು ಸಾಧಿಸಿ ತೋರಿಸಿದ ಸಂಗತಿ. ನಮ್ಮ ಸಂಖ್ಯೆಗೆ ಎರಡನೆಯ ಬಗೆಯೂ ಇದೆ: 62264² + 20449². ಮೊದಲನೆಯ ವರ್ಗ 3876805696, ಎರಡನೆಯದು 418161601, ಕೂಡಿಸಿದರೆ 4294967297. ಯಾವ ಭಾಗಾಕಾರವನ್ನೂ ಮಾಡದೆ, ಈ ಒಂದು ಕೂಡುಲೆಕ್ಕವನ್ನು ನೋಡಿದ ಮಾತ್ರಕ್ಕೇ ಈ ಸಂಖ್ಯೆ ಅವಿಭಾಜ್ಯವಲ್ಲ ಎಂದು ಹೇಳಿಬಿಡಬಹುದು.

ಅಷ್ಟೇ ಅಲ್ಲ, ಎರಡು ಬಗೆಯ ಬರಹಗಳಿಂದ ಅಪವರ್ತನಗಳನ್ನೂ ಹೊರತೆಗೆಯಬಹುದು. ಸಮ ಸಂಖ್ಯೆಗಳಾದ 65536 ಮತ್ತು 62264ರ ವ್ಯತ್ಯಾಸ 3272, ಬೆಸ ಸಂಖ್ಯೆಗಳಾದ 20449 ಮತ್ತು 1ರ ವ್ಯತ್ಯಾಸ 20448. ಈ ಎರಡು ವ್ಯತ್ಯಾಸಗಳ ಮಹತ್ತಮ ಸಾಮಾನ್ಯ ಅಪವರ್ತನ 8. ಅದೇ ಜೋಡಿಗಳ ಮೊತ್ತಗಳು 127800 ಮತ್ತು 20450. ಅವುಗಳ ಮಹತ್ತಮ ಸಾಮಾನ್ಯ ಅಪವರ್ತನ 50. ಎಂಟರ ಅರ್ಧ 4, ಐವತ್ತರ ಅರ್ಧ 25. ನಾಲ್ಕರ ವರ್ಗ 16, ಇಪ್ಪತ್ತೈದರ ವರ್ಗ 625, ಮೊತ್ತ 641. ಅಪವರ್ತನ ತಾನಾಗಿ ಬಂದು ನಿಂತಿತು. ಇನ್ನೊಂದು ಅಪವರ್ತನವೂ ಇಲ್ಲೇ ಇದೆ: 3272ನ್ನು 8ರಿಂದ ಭಾಗಿಸಿದರೆ 409, 20448ನ್ನು 8ರಿಂದ ಭಾಗಿಸಿದರೆ 2556, ಇವುಗಳ ವರ್ಗಗಳಾದ 167281 ಮತ್ತು 6533136ನ್ನು ಕೂಡಿಸಿದರೆ 6700417.

ಇದನ್ನು ತಿರುಗಿಸಿ ನೋಡಿದರೆ ಇನ್ನೂ ಸೊಗಸು. 641 ಎಂಬುದು 25² + 4², 6700417 ಎಂಬುದು 2556² + 409². ಎರಡು ವರ್ಗಗಳ ಮೊತ್ತವಾಗಿರುವ ಎರಡು ಸಂಖ್ಯೆಗಳನ್ನು ಗುಣಿಸಿದರೆ ಗುಣಲಬ್ಧವೂ ಎರಡು ವರ್ಗಗಳ ಮೊತ್ತವಾಗುತ್ತದೆ ಎಂಬ ನಿಯಮವನ್ನು ಏಳನೆಯ ಶತಮಾನದಲ್ಲೇ ಬ್ರಹ್ಮಗುಪ್ತರು ಇನ್ನೂ ವ್ಯಾಪಕವಾದ ರೂಪದಲ್ಲಿ ಕೊಟ್ಟಿದ್ದರು. ಅದರಂತೆ 25ನ್ನು 2556ರಿಂದ ಗುಣಿಸಿದರೆ 63900, 4ನ್ನು 409ರಿಂದ ಗುಣಿಸಿದರೆ 1636. ಇವೆರಡನ್ನು ಕೂಡಿಸಿದರೆ ಸರಿಯಾಗಿ 65536, ಕಳೆದರೆ 62264. ಅಡ್ಡಲಾಗಿ ಗುಣಿಸಿದರೆ 25 × 409 = 10225 ಮತ್ತು 4 × 2556 = 10224. ಕೂಡಿಸಿದರೆ 20449, ಕಳೆದರೆ 1. ಎರಡರ ಘಾತಕ್ಕೆ ಒಂದನ್ನು ಕೂಡಿಸಿದ ರೂಪದಲ್ಲಿ ಆ ಒಂದು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, 10225ರಿಂದ 10224ನ್ನು ಕಳೆದಾಗ ಉಳಿದದ್ದೇ ಅದು ಎಂದು ತೋರಿಸಬಹುದು. ಅಪವರ್ತನಗಳು ಎರಡೇ ಆಗಿರುವುದರಿಂದ ಇಂಥ ಬರಹಗಳೂ ಎರಡೇ, ಮೂರನೆಯದು ಇಲ್ಲ.

ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಅಪವರ್ತನ ಹುಡುಕದೆಯೇ ಪರೀಕ್ಷಿಸುವ ದಾರಿಯೂ ಉಂಟು. ಕಿರುಪ್ರಮೇಯದ ಪ್ರಕಾರ ನಮ್ಮ ಸಂಖ್ಯೆ ಅವಿಭಾಜ್ಯವಾಗಿದ್ದರೆ ಯಾವುದಾದರೂ ಚಿಕ್ಕ ಸಂಖ್ಯೆಯ 4294967296ನೆಯ ಘಾತವನ್ನು ಅದರಿಂದ ಭಾಗಿಸಿದಾಗ ಶೇಷ 1 ಬರಬೇಕು. ಎರಡನ್ನು ಹಿಡಿದು ಪರೀಕ್ಷಿಸಿದರೆ ಶೇಷ 1 ಬಂದೇ ಬರುತ್ತದೆ, ಏಕೆಂದರೆ 2⁶⁴ರ ಶೇಷವೇ 1, ಮತ್ತು 4294967296 ಎಂಬುದು 64ರ ಅಪವರ್ತ್ಯ. ಎಲ್ಲ ಫರ್ಮಾ ಸಂಖ್ಯೆಗಳೂ, ಅವಿಭಾಜ್ಯವಾಗಿರಲಿ ಇಲ್ಲದಿರಲಿ, ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಹಾಗಾಗಿ ಎರಡರಿಂದ ಮಾಡುವ ಪರೀಕ್ಷೆಗೆ ಇಲ್ಲಿ ಅರ್ಥವೇ ಇಲ್ಲ. ಎರಡರ ಬದಲು ಮೂರನ್ನು ಹಿಡಿದರೆ ಸತ್ಯ ಹೊರಬೀಳುತ್ತದೆ: ಮೂರರಿಂದ ಆರಂಭಿಸಿ 32 ಬಾರಿ ವರ್ಗ ಮಾಡುತ್ತ, ಪ್ರತಿ ಸಲವೂ ಶೇಷವನ್ನಷ್ಟೇ ಉಳಿಸಿಕೊಳ್ಳುತ್ತ ಹೋದರೆ ಕೊನೆಗೆ ಬರುವುದು 1 ಅಲ್ಲ, 3029026160. ಪೆಪ್ಯಾಂ ಅವರು 1877ರಲ್ಲಿ ಇದನ್ನೇ ಒಂದು ಹೆಜ್ಜೆ ಮೊದಲು ನಿಲ್ಲಿಸಿ ಖಚಿತವಾದ ನಿಯಮವನ್ನಾಗಿ ಮಾಡಿದರು. 31 ಬಾರಿ ವರ್ಗ ಮಾಡಿದಾಗ ಶೇಷ −1, ಅಂದರೆ 4294967296 ಬಂದರೆ ಸಂಖ್ಯೆ ಅವಿಭಾಜ್ಯ. ಬೇರೆ ಏನು ಬಂದರೂ ಅಲ್ಲ. ಇಲ್ಲಿ ಬರುವುದು 10324303.

ಅಕ್ಕಪಕ್ಕದ ಸಂಖ್ಯೆಗಳ ಬಗ್ಗೆ ಎರಡು ಮಾತು. ಒಂದು ಕಡಿಮೆಯಾದ 4294967296 ಎಂಬುದು 32 ಬಿಟ್‌ಗಳಲ್ಲಿ, ಅಂದರೆ 32 ದ್ವಿಮಾನ ಅಂಕಿಗಳಲ್ಲಿ, ಬರೆಯಬಹುದಾದ ಬೇರೆ ಬೇರೆ ಸಂಖ್ಯೆಗಳ ಒಟ್ಟು ಎಣಿಕೆ. ಆ ಅಳತೆಯಲ್ಲಿ ಲೆಕ್ಕ ಮಾಡುವ ಕಂಪ್ಯೂಟರಿಗೆ ನಮ್ಮ ಸಂಖ್ಯೆಯನ್ನು ಕೊಟ್ಟರೆ ಅದು ಹಿಡಿಸದೆ 1 ಮಾತ್ರ ಉಳಿಯುತ್ತದೆ. ಎರಡು ಕಡಿಮೆಯಾದ 4294967295 ಜ್ಯಾಮಿತಿಯಲ್ಲಿ ಹೆಸರುವಾಸಿ. ಗೌಸ್ ಅವರು 1796ರಲ್ಲಿ ಹದಿನೇಳು ಬಾಹುಗಳ ನಿಯಮಿತ ಬಹುಭುಜಾಕೃತಿಯನ್ನು ಅಳತೆಪಟ್ಟಿ ಮತ್ತು ಕೈವಾರಗಳಿಂದಲೇ ರಚಿಸಲು ಸಾಧ್ಯವೆಂದು ಕಂಡುಕೊಂಡರು. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವೇ ಆಗಿರಬೇಕು ಎಂಬುದಕ್ಕೆ 1837ರಲ್ಲಿ ವಾಂಟ್ಸೆಲ್ ಸಾಧನೆ ಕೊಟ್ಟರು. ನಮಗೆ ಗೊತ್ತಿರುವ ಫರ್ಮಾ ಅವಿಭಾಜ್ಯಗಳು ಐದೇ ಆದ್ದರಿಂದ ಅಂಥ ಬೆಸ ಬಹುಭುಜಗಳು 31, ಅವುಗಳಲ್ಲಿ ಅತಿ ದೊಡ್ಡದಕ್ಕೆ 4294967295 ಬಾಹುಗಳು. ಅದಕ್ಕಿಂತ ಎರಡೇ ಬಾಹು ಹೆಚ್ಚಿರುವ ನಮ್ಮ ಸಂಖ್ಯೆಯ ಬಹುಭುಜವನ್ನು ರಚಿಸಲಾಗದು. 641 ಅಡ್ಡ ನಿಲ್ಲುತ್ತದೆ.

641ರ ಚರಿತ್ರೆಯಲ್ಲಿ ಒಬ್ಬ ಬಾಲಕನೂ ಇದ್ದಾನೆ. ಅಮೆರಿಕದ ಝೆರಾ ಕೋಲ್ಬರ್ನ್ ಎಂಬ ಎಂಟು ವರ್ಷದ ಮನೋಗಣಿತಪಟುವನ್ನು 1812ರಲ್ಲಿ ಲಂಡನ್ನಿಗೆ ಕರೆತಂದಾಗ ಅವನ ಮುಂದೆ ಇಟ್ಟ ಪ್ರಶ್ನೆಗಳಲ್ಲಿ 4294967297 ಅವಿಭಾಜ್ಯವೇ ಎಂಬುದೂ ಒಂದು. 641ರಿಂದ ಭಾಗವಾಗುತ್ತದೆ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಿದನು. ಆಯ್ಲರ್ ಅವರ ನಿಯಮ ಅವನಿಗೆ ತಿಳಿದಿರಲು ಕಾರಣವಿಲ್ಲ.

ಮುಂದಿನ ಫರ್ಮಾ ಸಂಖ್ಯೆಗಳ ಕಡೆಗೆ ಹೋದಂತೆ ಇದೇ ವಿಧಾನ ಎಷ್ಟು ಬೇಗ ಭಾರವಾಗುತ್ತದೆ ಎಂಬುದನ್ನು ಕಂಡಾಗ 641 ಎಷ್ಟು ಸಮೀಪದಲ್ಲಿತ್ತು ಎಂಬುದು ಅರ್ಥವಾಗುತ್ತದೆ. ಆರನೆಯ ಸಂಖ್ಯೆಯ ಅಪವರ್ತನಗಳು 256ರ ಅಪವರ್ತ್ಯಕ್ಕಿಂತ 1 ಹೆಚ್ಚಾಗಿರಬೇಕು. ಲಾಂಡ್ರಿ ಅವರು 1880ರಲ್ಲಿ ಪ್ರಕಟಿಸಿದ ಅಪವರ್ತನ 274177, ಅಂದರೆ 256ರ 1071 ಪಟ್ಟಿಗೆ ಒಂದು ಹೆಚ್ಚು. ಏಳನೆಯದರ ಚಿಕ್ಕ ಅಪವರ್ತನಕ್ಕೇ ಹದಿನೇಳು ಅಂಕಿಗಳಿವೆ. ಅದು ಸಿಕ್ಕಿದ್ದು 1970ರಲ್ಲಿ, ಕಂಪ್ಯೂಟರಿನ ನೆರವಿನಿಂದ. ಐದರಿಂದ ಹನ್ನೊಂದರವರೆಗಿನ ಫರ್ಮಾ ಸಂಖ್ಯೆಗಳು ಮಾತ್ರ ಸಂಪೂರ್ಣವಾಗಿ ವಿಭಜನೆಗೊಂಡಿವೆ. 3,15,653 ಅಂಕಿಗಳಿರುವ ಇಪ್ಪತ್ತನೆಯದು ಅವಿಭಾಜ್ಯವಲ್ಲ ಎಂಬುದು ಪೆಪ್ಯಾಂ ಪರೀಕ್ಷೆಯಿಂದ ನಿಶ್ಚಯವಾಗಿದ್ದರೂ ಅದರ ಒಂದು ಅಪವರ್ತನವೂ ಯಾರಿಗೂ ಸಿಕ್ಕಿಲ್ಲ. ಇಪ್ಪತ್ತನಾಲ್ಕನೆಯದರ ಸ್ಥಿತಿಯೂ ಅದೇ. ಐದರಿಂದ ಮೂವತ್ತೆರಡರವರೆಗೆ ಒಂದೂ ಅವಿಭಾಜ್ಯವಲ್ಲ. ಮೂವತ್ತಮೂರನೆಯದರ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೆ 258 ಕೋಟಿ 58 ಲಕ್ಷ 27 ಸಾವಿರದ 973 ಅಂಕಿಗಳಿವೆ, ಮತ್ತು ಪೆಪ್ಯಾಂ ಪರೀಕ್ಷೆ ಮಾಡಬೇಕಾದರೆ ಅಷ್ಟು ಉದ್ದದ ಸಂಖ್ಯೆಗಳನ್ನು 858 ಕೋಟಿಗೂ ಹೆಚ್ಚು ಬಾರಿ ವರ್ಗ ಮಾಡಬೇಕು. ಅದರ ಬದಲು ಅಪವರ್ತನವನ್ನು ನೇರವಾಗಿ ಹುಡುಕುವವರು ಇಂದಿಗೂ ಆಯ್ಲರ್ ಮತ್ತು ಲ್ಯೂಕಾ ಅವರ ನಿಯಮವನ್ನೇ ಹಿಡಿದು, 34359738368ರ ಅಪವರ್ತ್ಯಗಳಿಗೆ 1 ಕೂಡಿಸಿದಾಗ ಬರುವ ಸಂಖ್ಯೆಗಳನ್ನಷ್ಟೇ ಒಂದೊಂದಾಗಿ ಪರೀಕ್ಷಿಸುತ್ತಾರೆ.